ಒಂಬತ್ತನೇ ದಿನದ ಬತ್ತಿ

ನನ್ನ ಭಾವ ಕ್ಲೊಡೊಮಿರೊ ಪ್ರಾರ್ಥನೆ ಹೇಳಲು ನಿಂತರೆ ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ. ಅದೇ ನಮಗೆ ಮುಳುವಾಯಿತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಈಗ ಅವನೂ ಇಲ್ಲ. ಮೊನ್ನೆ ಅವನ ಒಂಬತ್ತು ದಿನದ ಪ್ರಾರ್ಥನೆ, ನೊವೇನಾ, ಮುಗಿಯಿತು, ಅದೂ ನನ್ನ ಕೈಯಲ್ಲೇ. ಹಾಗಾಗಿ ಎಲ್ಲವನ್ನೂ ಒಮ್ಮೆ ನೆಟ್ಟಗೆ ಹೇಳಿಬಿಡುತ್ತೇನೆ. ಅಕ್ಕನ ಗಂಡನನ್ನು ‘ಅವರು’ ಎನ್ನಬೇಕು, ಗೊತ್ತು. ನನ್ನ ಸಿಟ್ಟಿನಲ್ಲಿ ಆ ಮರ್ಯಾದೆ ಎಂದೋ ಉದುರಿಹೋಯಿತು, ಈ ವಯಸ್ಸಿನಲ್ಲಿ ಅದನ್ನು ಹೆಕ್ಕಲು ನಡು ಬಗ್ಗುವುದಿಲ್ಲ.

ಅವನು ಇಪ್ಪತ್ತಾರು ವರ್ಷ ನಮ್ಮೂರಿನ ಫಿಸ್ಕಾಲ್ ಆಗಿದ್ದ. ಚಿಲಿ ದೇಶದ ಚಿಲೊಯೆಯ ಈ ಸಣ್ಣ ದ್ವೀಪಗಳಿಗೆ ಪಾದ್ರಿ ಬರುವುದು ವರ್ಷಕ್ಕೊಮ್ಮೆ, ಅದೂ ಗಾಳಿ ಬಿಟ್ಟುಕೊಟ್ಟರೆ. ನಮ್ಮ ಪುಯಾಲ್ವೆಗೆ ಎರಡು ವರ್ಷ ಬಾರದೇ ಇದ್ದದ್ದೂ ಉಂಟು. ಉಳಿದ ದಿನಗಳಲ್ಲಿ ಇಗರ್ಜಿಯ ಗಂಟೆ ಹೊಡೆಯುವುದು, ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸಾಯಲು ಬಿದ್ದ ಕೂಸಿಗೆ ದೀಕ್ಷಾಸ್ನಾನ ಕೊಡುವುದು, ಎಲ್ಲ ಫಿಸ್ಕಾಲನ ಕೆಲಸ. ಅವನ ಅಪ್ಪ, ಅಜ್ಜ ಇಬ್ಬರೂ ಅದೇ ಕೆಲಸ ಮಾಡಿದವರು. ಅಜ್ಜ ಕೈಯಾರೆ ಬರೆದ ಪ್ರಾರ್ಥನೆಯ ಪುಸ್ತಕವೊಂದು ಅವರ ಮನೆಯಲ್ಲಿತ್ತು, ಕುರಿಚರ್ಮದ ಹೊದಿಕೆಯದು. ಭಾವ ಅದನ್ನು ಕೈ ತೊಳೆಯದೆ ಮುಟ್ಟುತ್ತಿರಲಿಲ್ಲ. ಬೇರೆ ಯಾರನ್ನೂ ಮುಟ್ಟಗೊಡುತ್ತಲೂ ಇರಲಿಲ್ಲ.

ಸತ್ತವರಿಗಾಗಿ ಮಾಡುವ ಒಂಬತ್ತು ದಿನದ ನೊವೇನಾದಲ್ಲಿ ಅವನ ಕಟ್ಟುನಿಟ್ಟು ಹೇಳತೀರದು. ಮೊದಲ ದಿನ ಹಚ್ಚಿದ ದಪ್ಪ ಮೇಣದ ಬತ್ತಿ ಒಂಬತ್ತನೇ ದಿನದ ಕೊನೆಯ ‘ಆಮೆನ್’ವರೆಗೆ ಉರಿಯಬೇಕು, ಆಮೇಲೆ ಫಿಸ್ಕಾಲನೇ ಊದಿ ಆರಿಸಬೇಕು. ಆಗ ಸತ್ತವನ ಆತ್ಮಕ್ಕೆ ಬಿಡುಗಡೆ. ನಡುವೆ ಪ್ರಾರ್ಥನೆ ಮುರಿದರೆ ಮತ್ತೆ ಮೊದಲಿನಿಂದ. ಬತ್ತಿಯನ್ನು ಒಂಟಿಯಾಗಿ ಬಿಟ್ಟರಂತೂ ಆತ್ಮ ಕಣ್ಣು ಕಾಣದೆ ಕಡಲ ಮೇಲೆ ಅಲೆಯುತ್ತದೆ ಎನ್ನುತ್ತಿದ್ದ. ಬತ್ತಿಯ ಪಕ್ಕದಲ್ಲಿ ಫಿಸ್ಕಾಲನ ಮನೆಯವರೊಬ್ಬರು ಸರದಿಯಲ್ಲಿ ಕೂತಿರಬೇಕಿತ್ತು. ಮನೆಯವರು ಎಂದರೆ ಇಬ್ಬರೇ, ನನ್ನ ಅಕ್ಕ ದೊಮಿತಿಲಾ ಮತ್ತು ನಾನು. ನನಗೆ ಕೂತಲ್ಲಿ ಕೂರುವ ಜಾಯಮಾನವಿಲ್ಲ. ಹಾಗಾಗಿ ಕೂರುತ್ತಿದ್ದವಳು ಅಕ್ಕನೇ.

“ದೊಮಿ, ಬತ್ತಿ ಬಿಟ್ಟು ಏಳ್ಬೇಡ. ಏನೇ ಆಗ್ಲಿ,” ಎಂದು ಪ್ರತಿ ಸಲ ಹೇಳುತ್ತಿದ್ದ.

“ಏನೇ ಆಗ್ಲಿ ಅಂದ್ರೆ ಏನಾಗುತ್ತೆ ಭಾವ? ದೆವ್ವ ಬಂದು ಬತ್ತಿ ಹೊತ್ಕೊಂಡು ಹೋಗುತ್ತಾ?” ಎಂದು ನಾನು ಕೆಣಕುತ್ತಿದ್ದೆ.

“ನಿನ್ನ ನಾಲಿಗೇನೇ ಸಾಕು ಬತ್ತಿ ಆರಿಸೋಕೆ, ಫೆಲಿ. ನೀನು ಆಲೂಗಡ್ಡೆ ಸುಲಿ ಹೋಗು.”

ಅಕ್ಕ ನಗುತ್ತಿದ್ದಳು. ಮಡಿಲಲ್ಲಿ ಉಣ್ಣೆ ಇಟ್ಟುಕೊಂಡು ನೂಲುತ್ತ ಕೂತಿರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಊರಿನ ಸತ್ತವರೆಲ್ಲ ಅವಳ ಕಣ್ಣೆದುರಿನ ಬತ್ತಿಯ ಬೆಳಕಿನಲ್ಲೇ ದಾಟಿ ಹೋದರು.

ನಾನು ಹೇಳಹೊರಟ ಆ ದುರ್ದಿನಕ್ಕೆ ಎರಡು ವರ್ಷ ಮುಂಚೆ ಬಂದ ಪಾದ್ರಿ ವಯಸ್ಸಾದವರು, ಸಮುದ್ರಯಾನಕ್ಕೆ ಹೊಟ್ಟೆ ತೊಳಸಿ ಬಿಳಿಚಿಕೊಂಡಿದ್ದರು. ಭಾವ ಹೇಳಿಸಿದ ಜಪವನ್ನೆಲ್ಲ ಕೊನೆಯ ಬೆಂಚಿನಲ್ಲಿ ಕೂತು ಕೇಳಿದರು. ರಾತ್ರಿ ನಮ್ಮ ಮನೆಯಲ್ಲೇ ಊಟ. ತಟ್ಟೆ ಸರಿಸಿ, “ಒಂದು ಅಕ್ಷರ ತಪ್ಪಿಲ್ಲ ನೋಡಪ್ಪ ಕ್ಲೊಡೊಮಿರೊ. ನನಗೂ ಹಾಗೆ ಬರಲ್ಲ. ಆದ್ರೆ ಒಂದು ಮಾತು ಕೇಳ್ತೀನಿ. ಆ ಪುಸ್ತಕದಲ್ಲಿ ಇಲ್ಲದ್ದನ್ನ ನೀನು ದೇವರ ಹತ್ರ ಕಡೇ ಸಲ ಮಾತಾಡಿದ್ದು ಯಾವಾಗ?” ಎಂದರು.

ಭಾವ ತನ್ನ ತಟ್ಟೆಯ ರೊಟ್ಟಿ ಮುರಿಯತೊಡಗಿದ. ಅಕ್ಕ ಗಾಬರಿಯಾಗಿ ಮತ್ತೆರಡು ಆಲೂಗಡ್ಡೆ ರೊಟ್ಟಿ ತಂದು ಪಾದ್ರಿಯ ತಟ್ಟೆಗೆ ಹಾಕಿದಳು. ಅವರು ಬೇಡವೆಂದರೂ ಕೇಳಲಿಲ್ಲ.

ಪಾದ್ರಿ ಹೋದರು, ಮಾತು ಉಳಿಯಿತು. ಭಾವ ಬಡಕಲಾದ. ದೋಣಿಗೆ ಕೀಲೆಣ್ಣೆ ಬಳಿಯುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದ. ಒಂದು ದಿನ ಸೇಬು ಹಿಂಡುವಾಗ ನನ್ನೊಬ್ಬಳಿಗೇ ಹೇಳಿದ: “ಫೆಲಿ, ನಾನು ಪ್ರಾರ್ಥನೆ ಹೇಳ್ತಾ ಇರ್ತೀನಲ್ಲ, ಆಚೆ ಕಡೆ ಯಾರೂ ಕೇಳ್ತಾ ಇಲ್ಲ ಅನ್ಸುತ್ತೆ. ಬಾಗಿಲು ತಟ್ತಾ ತಟ್ತಾ ಇದ್ದು, ಒಳಗೆ ಯಾರಾದ್ರೂ ಇದಾರಾ ಅಂತ ನಾನು ಯಾವತ್ತೂ ಕೂಗೇ ಇಲ್ಲ ಅನ್ಸುತ್ತೆ.”

“ಕೂಗಿ ನೋಡಿ,” ಎಂದೆ.

“ಭಯ ಆಗುತ್ತೆ. ನಿಜವಾಗ್ಲೂ ಉತ್ತರ ಬಂದ್ರೆ?”

ನನಗೆ ನಗು ಬಂತು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಇಷ್ಟು ಹೆದರಿದವನು ಬೇರೆಯವರ ವಿಷಯದಲ್ಲಿ ಮಾತ್ರ ಸಡಿಲ ಬಿಡಲಿಲ್ಲ. ನಮ್ಮಮ್ಮ ಹಳೇ ಕಾಲದವಳು. ಇಗರ್ಜಿಯ ಹಿಂದಿನ ಗುಡ್ಡಕ್ಕೆ ತೆಂತೆನ್ ಎಂದು ಹೆಸರು. ಕಡಲ ಹಾವು ಕೆರಳಿ ನೀರೆಬ್ಬಿಸಿದಾಗ ನೆಲದ ಹಾವು ಆ ಗುಡ್ಡವನ್ನು ಎತ್ತಿ ಹಿಡಿದು ಜನರನ್ನು ಉಳಿಸುತ್ತದೆ ಎಂದು ಅಮ್ಮ ಜ್ಞಾನೋಪದೇಶಕ್ಕೆ ಬಂದ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. “ಕಡಲು ಹಿಂದೆ ಸರೀತು ಅಂದ್ರೆ ಹಾವು ಉಸಿರು ಎಳ್ಕೊಂತಿದೆ ಅಂತ ತಿಳ್ಕೊಳಿ. ಮನೇನೂ ನೋಡ್ಬೇಡಿ, ದೋಣೀನೂ ನೋಡ್ಬೇಡಿ, ತೆಂತೆನ್ ಹತ್ತಿ,” ಎನ್ನುತ್ತಿದ್ದಳು. ಭಾವ ಅದನ್ನು ಎಲ್ಲರೆದುರಿಗೆ ನಿಲ್ಲಿಸಿದ. “ಅತ್ತೆ, ದೇವರ ಮನೆ ಬಾಗಿಲಲ್ಲಿ ಹಾವಿನ ಕಥೆ ಬೇಡ. ಆ ಗುಡ್ಡದ ಹೆಸರೂ ಇಲ್ಲಿ ಎತ್ತಕೂಡದು,” ಎಂದ. ಅಮ್ಮ ಅವಮಾನದಿಂದ ಮತ್ತೆ ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಮರುವರ್ಷ ತೀರಿಕೊಂಡಳು.

ಆ ದುರ್ದಿನದ ವರ್ಷ, ಮೇ ತಿಂಗಳಲ್ಲಿ, ಎರ್ಮೆಲಿಂದಾಳ ಒಬ್ಬನೇ ಮಗ ರೊಸಾಮೆಲ್ ಮೀನಿಗೆ ಹೋದವನು ಬರಲಿಲ್ಲ. ದೋಣಿ ಸಿಕ್ಕಿತು, ಹೆಣ ಸಿಗಲಿಲ್ಲ. ಗಂಡ ಮೊದಲೇ ಸತ್ತಿದ್ದ. ಅವಳು ಭಾವನ ಎರಡೂ ಕೈ ಹಿಡಿದುಕೊಂಡು, “ಫಿಸ್ಕಾಲರೇ, ಮಣ್ಣಿಗಂತೂ ಇಡಕ್ಕಾಗ್ಲಿಲ್ಲ. ನೊವೇನಾನಾದ್ರೂ ಕುಂದಿಲ್ದಂಗೆ ಮಾಡ್ಕೊಡಿ. ನನ್ನ ಮಗ ನೀರಲ್ಲಿ ಅಲೀಬಾರ್ದು,” ಎಂದಳು. ಭಾವ ಮಾತು ಕೊಟ್ಟ.

ಒಂಬತ್ತನೇ ದಿನ ಭಾನುವಾರ ಬಂತು. ಅದಕ್ಕೆ ಎರಡು ದಿನ ಮುಂಚೆ ಒರತೆಯ ನೀರು ಕದಡಿತ್ತು. ಶನಿವಾರ ಬೆಳಗ್ಗೆ ಗೂಡಿನ ತಟ್ಟೆಗಳು ತಾವೇ ಗಲಗಲ ಅಲುಗಾಡಿದವು. ನಮ್ಮ ಎತ್ತುಗಳು ದಡಕ್ಕೆ ಇಳಿಯಲು ಒಪ್ಪದೆ ಕಾಲೂರಿ ನಿಂತವು. ಇಂಥದ್ದನ್ನೆಲ್ಲ ಜನ ಆಮೇಲೆ ಸೇರಿಸಿಕೊಂಡು ಹೇಳುತ್ತಾರೆ ಎನ್ನಬಹುದು. ನಾನು ಸೇರಿಸುವವಳಲ್ಲ. ಎತ್ತಿಗೆ ಬಾರಿಸಿದ ಕೋಲು ನನ್ನ ಕೈಯಲ್ಲೇ ಮುರಿದಿತ್ತು.

ಮಧ್ಯಾಹ್ನ ಮೂರಕ್ಕೆ ಕೊನೆಯ ಪ್ರಾರ್ಥನೆ. ಎರ್ಮೆಲಿಂದಾ ಕುರಿ ಕೊಯ್ದು ಊಟಕ್ಕೆ ಅಣಿ ಮಾಡಿಟ್ಟಿದ್ದಳು. ಇಗರ್ಜಿಯಲ್ಲಿ ನಲವತ್ತೆರಡು ಜನ ಇದ್ದೆವು. ಅಕ್ಕ ಪೀಠದ ಬಳಿ, ಬತ್ತಿಯ ಪಕ್ಕದ ಮೋಟು ಸ್ಟೂಲಿನ ಮೇಲೆ. ಬತ್ತಿ ಬೆರಳುದ್ದ ಉಳಿದಿತ್ತು. ಸಂತರ ಹೆಸರುಗಳ ಮಾಲೆ ಅರ್ಧಕ್ಕೆ ಬಂದಿರಬೇಕು, ನೆಲದೊಳಗಿಂದ ಗುಡುಗಿದ ಹಾಗಾಯಿತು. ಆಮೇಲೆ ನೆಲವೇ ಎದ್ದಿತು.

ಬೆಂಚುಗಳು ಮಗುಚಿದವು. ಮರದ ಗೋಡೆ ಕಿರುಗುಟ್ಟುತ್ತ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿತು. ಗೋಪುರದ ಗಂಟೆ ಯಾರೂ ಮುಟ್ಟದೆ ಬಡಿದುಕೊಂಡಿತು. “ಏಳ್ಬೇಡಿ! ಪ್ರಾರ್ಥನೆ ಮುಗಿದಿಲ್ಲ!” ಎಂದು ಭಾವ ಅರಚಿದ. ಯಾರು ಕೇಳುತ್ತಾರೆ? ನಾವು ತೆವಳಿಕೊಂಡು, ಒಬ್ಬರನ್ನೊಬ್ಬರು ತುಳಿದುಕೊಂಡು ಹುಲ್ಲಿನ ಮೇಲೆ ಬಿದ್ದೆವು. ಎದ್ದು ನಿಲ್ಲಲಾಗದಂತೆ ಬಹಳ ಹೊತ್ತು ಭೂಮಿ ಅದುರಿತು. ಅದುರುವುದು ನಿಂತಾಗ ಭಾವ ಬಾಗಿಲಲ್ಲಿ ಕಾಣಿಸಿಕೊಂಡ, ಹಣೆಯಲ್ಲಿ ರಕ್ತ, ಮುಖದಲ್ಲಿ ಹಿಗ್ಗು. “ಬತ್ತಿ ಆರಿಲ್ಲ! ದೊಮಿ ಎರಡೂ ಕೈಯಲ್ಲಿ ಹಿಡ್ಕೊಂಡಿದ್ಲು. ನೊವೇನಾ ಮುರಿದಿಲ್ಲ!”

ಉಳಿದ ಪ್ರಾರ್ಥನೆ ಮುಗಿಸಿಕೊಡಿ ಎಂದು ಎರ್ಮೆಲಿಂದಾ ಎದೆ ಬಡಿದುಕೊಂಡು ಅತ್ತಳು. ಅಷ್ಟರಲ್ಲಿ ಯಾರೋ, “ಕಡಲು ನೋಡ್ರೋ!” ಎಂದರು.

ಕಡಲು ಇರಲಿಲ್ಲ. ಹುಟ್ಟಿದಾಗಿನಿಂದ ಯಾರೂ ಕಾಣದ ತಳ ಅಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದವು, ಮೀನುಗಳು ಪಟಪಟ ಒದ್ದಾಡುತ್ತಿದ್ದವು. ನಮ್ಮಲ್ಲಿ ನೀರು ಇಳಿದರೆ ಬುಟ್ಟಿ ಹಿಡಿದು ಕಪ್ಪೆಚಿಪ್ಪಿಗೆ ಓಡುವುದು ಮಕ್ಕಳು ಮರಿಗೂ ರೂಢಿ. ಈಗತಾನೇ ಅಳುತ್ತಿದ್ದವರು ಕಣ್ಣೊರೆಸಿಕೊಂಡು ಓಡಿದರು. “ದೇವರು ಉಗ್ರಾಣದ ಬಾಗಿಲೇ ತೆಗೆದಿದಾನೆ! ಇಷ್ಟು ಹೆದರಿಸಿದ್ದಕ್ಕೆ ಕೈ ತುಂಬಾ ಕೊಡ್ತಿದಾನೆ!” ಎಂದು ಒಬ್ಬ ನಕ್ಕ. ನಾನೂ ಓಡಿದೆ. ಸುಳ್ಳು ಯಾಕೆ ಹೇಳಲಿ, ಲಂಗದ ಮಡಿಲ ತುಂಬ ಬಾಚಿಕೊಂಡೆ.

ಆಗ ಗಂಟೆ ಕೇಳಿಸಿತು. ಎರ್ಮೆಲಿಂದಾಳ ಅಳು ನೋಡಲಾಗದೆ ಭಾವ ಹೊಡೆದದ್ದು. ಗಂಟೆ ಎಂದರೆ ಒಳಗೆ ಬನ್ನಿ ಎಂದು. ನಾವು ಹುಟ್ಟಿದ್ದೇ ಆ ಗಂಟೆಗೆ ಓಗೊಡಲು. ಬುಟ್ಟಿ ಸಮೇತ, ಕೆಸರು ಕಾಲಿನಲ್ಲಿ ವಾಪಸು ಬಂದು ಇಗರ್ಜಿಯೊಳಗೆ ನಿಂತೆವು. ದಡದಿಂದ ಇಪ್ಪತ್ತು ಹೆಜ್ಜೆಯಲ್ಲಿದ್ದ ಇಗರ್ಜಿಯೊಳಗೆ.

ಭಾವ ಪುಸ್ತಕ ಬಿಚ್ಚಿದ. ಬಿಟ್ಟಲ್ಲಿಗೆ ಬೆರಳಿಟ್ಟ. ಓದಲಿಲ್ಲ.

ಅವನ ಮುಖವನ್ನೇ ನೋಡುತ್ತಿದ್ದೆ. ಏನನ್ನೋ ಆಲಿಸುತ್ತಿದ್ದ. ನಾನೂ ಕಿವಿಗೊಟ್ಟೆ. ಏನೂ ಇರಲಿಲ್ಲ. ಕಡಲಹಕ್ಕಿಯ ಕೂಗಿಲ್ಲ, ನಾಯಿಯಿಲ್ಲ. ಆ ಇಗರ್ಜಿಯಲ್ಲಿ ಹೇಳಿದ ಪ್ರತಿ ಪ್ರಾರ್ಥನೆಯ ಹಿಂದೆಯೂ ಇದ್ದ ಅಲೆಯ ಸದ್ದು ಇಲ್ಲ. ಅಂಥ ಮೌನವನ್ನು ನಾನು ಮತ್ತೆಂದೂ ಕೇಳಿಲ್ಲ, ಕೇಳುವುದೂ ಬೇಡ. ಅವನ ತುಟಿ ಅಲುಗಿತು. ಏನು ಹೇಳಿದನೆಂದು ವರ್ಷಗಟ್ಟಲೆ ಆದ ಮೇಲೆ ಗೊತ್ತಾಯಿತು. “ನಿಂಗೇನು ಬೇಕು?” ಎಂದು ದೇವರನ್ನು ಕೇಳಿದನಂತೆ. ಆಗ ಅವನ ನೆನಪಿಗೆ ಬಂದದ್ದು ಯಾವ ಸಂತರೂ ಅಲ್ಲ, ತಾನೇ ಬಾಯಿ ಮುಚ್ಚಿಸಿದ ಅತ್ತೆಯ ಮಾತು.

ಅವನು ಪುಸ್ತಕ ಮುಚ್ಚಿ ನೆಲಕ್ಕೆ ಹಾಕಿದ. ಪೀಠದ ಪಕ್ಕದ ಮೆರವಣಿಗೆಯ ಶಿಲುಬೆಯನ್ನು ಕಿತ್ತು ಹೆಗಲಿಗೇರಿಸಿದ. “ಮೆರವಣಿಗೆ! ಎಲ್ರೂ ನನ್ನ ಹಿಂದೆ! ತೆಂತೆನ್‌ಗೆ!”

“ಯಾವ ಮೆರವಣಿಗೆ? ಪ್ರಾರ್ಥನೆ ಅರ್ಧಕ್ಕೇ ನಿಂತಿದೆ!” ಎಂದು ಎರ್ಮೆಲಿಂದಾ ಕಿರುಚಿದಳು. “ಮಾತು ಕೊಟ್ಟಿದ್ರಿ!”

“ಕೊಟ್ಟಿದ್ದೆ. ನಡೀರಿ!”

ಕಡಲು ಬರುತ್ತದೆ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅರ್ಧ ಜನ ವಾದಕ್ಕೆ ನಿಲ್ಲುತ್ತಿದ್ದರು, ಇನ್ನರ್ಧ ದೋಣಿಗಳತ್ತ ಓಡುತ್ತಿದ್ದರು. ನೆಲ ನಡುಗಿದರೆ ನಮ್ಮವರು ನಂಬುವುದು ದೋಣಿಯನ್ನೇ. ಅಕ್ಕಪಕ್ಕದ ದ್ವೀಪಗಳಲ್ಲಿ ಹಾಗೆ ನಂಬಿದವರು ಒಬ್ಬರೂ ಉಳಿಯಲಿಲ್ಲ. ಆದರೆ ಶಿಲುಬೆ ಹೊರಟಿತು ಎಂದರೆ ಅದರ ಹಿಂದೆ ನಡೆಯುವುದು ನಮಗೆ ರಕ್ತಗತ. ಶಿಲುಬೆಯನ್ನು ಯಾರೂ ದಾಟಬಾರದು, ಯಾರೂ ಸಾಲು ಬಿಡಬಾರದು. ಶಿಲುಬೆ ತಿರುಗಿದರೆ ಎಲ್ಲರೂ ತಿರುಗಬೇಕು. ಅದನ್ನೂ ಅವನೇ ಕಲಿಸಿದ್ದು.

ಆ ದಿನ ಶಿಲುಬೆ ಓಡಿತು. ಮುದುಕರು ಏದುಸಿರು ಬಿಡುತ್ತ, ಹೆಂಗಸರು ಕೂಸುಗಳನ್ನು ಅವಚಿಕೊಂಡು, ಬಯ್ಯುತ್ತ, ಜಪಿಸುತ್ತ ಹಿಂದೆ ಓಡಿದರು. “ಫಿಸ್ಕಾಲನಿಗೆ ತಲೆ ಕೆಟ್ಟಿದೆ,” ಎಂದವರೂ ಓಡಿದರು.

ಗುಡ್ಡದ ಅರ್ಧದಲ್ಲಿ ಒಂದು ತಿರುವು ಇದೆ. ಅಲ್ಲಿಂದ ಕೆಳಗಿನದೆಲ್ಲ ಕಾಣುತ್ತದೆ. ಭಾವ ತಿರುಗಿ ತಲೆಗಳನ್ನು ನೋಡಿದ. ನಾನು ಅವನ ಹಿಂದೆಯೇ ಇದ್ದೆ.

“ಭಾವಾ, ಅಕ್ಕ ಎಲ್ಲಿ?”

ಅವನ ಮುಖದ ಬಣ್ಣ ಹೋಯಿತು. “ಬತ್ತಿ ಹತ್ರ.”

ಕೆಳಗೆ ಇಗರ್ಜಿಯ ಬಾಗಿಲು ತೆರೆದೇ ಇತ್ತು. ಒಳಗೆ, ಇಷ್ಟು ದೂರದಿಂದಲೂ, ಒಂದು ಚುಕ್ಕಿ ಬೆಳಕು. ಮೆರವಣಿಗೆ ಎಂದ ಮೇಲೆ ಸುತ್ತಿಕೊಂಡು ಮತ್ತೆ ಇಗರ್ಜಿಗೇ ಬರುತ್ತದೆ, ಬಂದ ಮೇಲೆ ಉಳಿದ ಪ್ರಾರ್ಥನೆ ಮುಗಿಯುತ್ತದೆ. ಅಷ್ಟರವರೆಗೆ ಬತ್ತಿಯ ಬಳಿ ಒಬ್ಬರಿರಬೇಕಲ್ಲ? ಅವಳು ಅಷ್ಟೇ ಅಂದುಕೊಂಡಿರುತ್ತಾಳೆ. ನನ್ನ ಅಕ್ಕ ನನಗೆ ಗೊತ್ತು. ಅವಳಾಚೆ, ದಿಗಂತದಲ್ಲಿ, ಒಂದು ಕಂದು ಗೆರೆ ಎದ್ದಿತ್ತು. ಅದು ದಪ್ಪವಾಗುತ್ತಿತ್ತು.

“ತಿರುಗೋ! ತಿರುಗಿಸೋ ಶಿಲುಬೆ!” ಎಂದು ಕೂಗಿ ನಾನು ಕೆಳಕ್ಕೆ ಹಾರಿದೆ. ಅವನು ನನ್ನ ಜಡೆ ಹಿಡಿದು ಎಳೆದ.

“ನೀನು ಇಳಿದ್ರೆ ಇವರೆಲ್ಲ ಇಳೀತಾರೆ, ಫೆಲಿ.”

“ಇಳೀಲಿ! ನನ್ನ ಅಕ್ಕ ಅವಳು! ನಿನ್ನ ಹೆಂಡ್ತಿ ಕಣೋ!”

ಅವನು ಅರೆಗಳಿಗೆ ನಿಂತ. ಶಿಲುಬೆ ನಿಂತಿತು, ಎಲ್ಲರೂ ನಿಂತರು, ಅವನ ಹೆಗಲನ್ನೇ ನೋಡುತ್ತ. ಯಾವ ಕಡೆ ತಿರುಗಿದರೂ ಬರಲು ತಯಾರಾಗಿ. ಆಮೇಲೆ ಅವನು ಮೇಲಕ್ಕೆ ನಡೆದ. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ನನ್ನ ಜಡೆ. ನಾನು ಕಚ್ಚಿದೆ, ಒದ್ದೆ. ಅವನು ಬಿಡಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನ ಪ್ರಾರ್ಥನೆಯ ಧ್ವನಿ ಒಡೆದು ಬಂತು:

“ಅಪ್ಪಾ, ನಂಗೆ ಬರೋ ಯಾವ ಪ್ರಾರ್ಥನೇನೂ ಇದಕ್ಕೆ ಆಗಲ್ಲ. ಅವಳು ನಿನ್ನ ಮನೇಲೇ ಕೂತಿದಾಳೆ, ನೀನೇ ನೋಡ್ಕೋ. ಇವರ ಕಾಲಿಗೆ ಬಲ ಕೊಡು. ನಂಗೆ ತಿರುಗೋಕೆ ಬಿಡ್ಬೇಡ. ಅಪ್ಪಾ, ತಿರುಗೋಕೆ ಬಿಡ್ಬೇಡ ನನ್ನ.”

ಇದನ್ನೇ ಹೇಳುತ್ತ ಹತ್ತಿದ. ಆಮೆನ್ ಎನ್ನಲಿಲ್ಲ.

ನೀರು ಬಂದಾಗ ನಾವು ತುದಿಯಲ್ಲಿದ್ದೆವು. ಅಲೆ ಮುರಿಯಲಿಲ್ಲ, ನಡೆದುಕೊಂಡು ಬಂತು. ಇಗರ್ಜಿ ಬುಡಸಮೇತ ಎದ್ದು, ತಿರುಗುತ್ತ ತೇಲಿ ಹೋಯಿತು. ಅದರ ಗಂಟೆ ಒಂದಷ್ಟು ಹೊತ್ತು ಬಡಿದುಕೊಳ್ಳುತ್ತಲೇ ಇತ್ತು. ಬನ್ನಿ, ಒಳಗೆ ಬನ್ನಿ ಎಂದು. ನಮ್ಮಲ್ಲೊಬ್ಬ ಮುದುಕ ಅಭ್ಯಾಸಬಲದಿಂದ ಎದ್ದು ನಿಂತ. ಅವನನ್ನು ಹಿಡಿದು ಕೂರಿಸಬೇಕಾಯಿತು.

ನಲವತ್ತೊಂದು ಜನ ಉಳಿದೆವು.

ಅಕ್ಕನ ಹೆಣವೂ ಸಿಗಲಿಲ್ಲ. ಅವಳ ನೊವೇನಾಕ್ಕೆ ಜನ ಭಾವನ ಬಾಯಿ ನೋಡಿದರು. “ನಂಗೆ ಬರಲ್ಲ,” ಎಂದ. ಪುಸ್ತಕ ಕಡಲು ಸೇರಿತ್ತು ಎನ್ನುವುದು ನೆಪ, ಅವನಿಗೆ ಎಲ್ಲ ಬಾಯಿಪಾಠ. ಅಂದಿನಿಂದ ಫಿಸ್ಕಾಲ್ ಕೆಲಸ ಬಿಟ್ಟ. ಗುಡ್ಡದ ಮೇಲೆ ಹೊಸ ಇಗರ್ಜಿ ಕಟ್ಟಿದಾಗ ಎಲ್ಲರಿಗಿಂತ ಹೆಚ್ಚು ಮರ ಹೊತ್ತ, ಆದರೆ ಒಳಗೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಎರ್ಮೆಲಿಂದಾಳ ಮನೆಗೆ ದಿನವೂ ನೀರು ಹೊತ್ತು ಹಾಕಿದ. ಅವಳು ಬಾಗಿಲಲ್ಲಿ ನಿಂತು, “ನನ್ನ ಮಗ ಇನ್ನೂ ನೀರಲ್ಲೇ ಇದಾನೆ, ಫಿಸ್ಕಾಲರೇ,” ಎಂದು ಚುಚ್ಚುತ್ತಿದ್ದಳು. “ನನ್ನ ದೊಮೀನೂ ಅಲ್ಲೇ ಇದಾಳೆ ತಾಯಿ,” ಎಂದು ಬಿಂದಿಗೆ ಇಳಿಸುತ್ತಿದ್ದ. ಯಾರ ಮನೆಯ ಸೂರು ಸೋರಿದರೂ ಅವನು, ಯಾರು ಕಾಯಿಲೆ ಬಿದ್ದರೂ ತಲೆದೆಸೆಯಲ್ಲಿ ಅವನು.

ಆ ಹಳೇ ಪಾದ್ರಿ ಇನ್ನೊಮ್ಮೆ ಬಂದರು. ಊಟಕ್ಕೆ ಕೂತಾಗ ಭಾವನೇ ಬಾಯಿ ಬಿಟ್ಟ: “ಸ್ವಾಮಿ, ಅವತ್ತು ಒಂದು ಪ್ರಶ್ನೆ ಕೇಳಿದ್ರಲ್ಲ. ಈಗ ದಿನಾ ಮಾತಾಡ್ತೀನಿ. ಹೆಚ್ಚಿನಂಶ ಜಗಳಾನೇ.”

“ದೇವರಿಗೆ ನಿನ್ನ ಬಾಯಿಪಾಠಕ್ಕಿಂತ ಅದು ಇಷ್ಟ ಆಗಿರುತ್ತೆ,” ಎಂದರು ಪಾದ್ರಿ. ಅವರ ಕಣ್ಣು ತೇವವಾಗಿತ್ತು.

ನಾನು ಬಡಿಸುತ್ತಿದ್ದೆ. ಪಾತ್ರೆ ಕುಕ್ಕಿ ಹೊರಗೆ ಹೋದೆ. ಹನ್ನೊಂದು ವರ್ಷ ಅವನಿಗೆ ಬೇಯಿಸಿ ಹಾಕಿದೆ, ಬಟ್ಟೆ ಒಗೆದೆ, ತೀರಾ ಬೇಕಾದಷ್ಟೇ ಮಾತಾಡಿದೆ. ಊರಿಗೆ ಊರೇ ಅವನ ಕೈಗೆ ಮುತ್ತಿಡುತ್ತಿತ್ತು. ನನಗೆ ಮಾತ್ರ ನೆತ್ತಿಯಲ್ಲಿ ಆ ಜಡೆ ಎಳೆದ ನೋವು ಇತ್ತು. ಇಗರ್ಜಿಗೆ ಹೋಗುತ್ತಿದ್ದೆ, ಎಲ್ಲರ ಜೊತೆ ಜಪ ಗೊಣಗುತ್ತಿದ್ದೆ. ಒಳಗೆ ಕಲ್ಲು.

ಈ ಸಲ ಚಳಿ ಶುರುವಾದಾಗ ಅವನು ಹಾಸಿಗೆ ಹಿಡಿದ. ಸಾಯುವ ಹಿಂದಿನ ದಿನ ನನ್ನನ್ನು ಹತ್ತಿರ ಕರೆದ. ಕ್ಷಮೆ ಕೇಳುತ್ತಾನೆ ಅಂದುಕೊಂಡೆ. ಕೊಡಬಾರದೆಂದು ನಿರ್ಧರಿಸಿಯೇ ಕೂತೆ.

“ಅವತ್ತು ತಿರುಗದೆ ಇದ್ದಿದ್ದಕ್ಕೆ ನಾನು ದೇವರ ಹತ್ರ ಕ್ಷಮೆ ಕೇಳಿಲ್ಲ, ಫೆಲಿ. ನಿನ್ನ ಹತ್ರಾನೂ ಕೇಳಲ್ಲ,” ಎಂದ. ಉಸಿರಿಗೆ ನಿಂತು ನಿಂತು ಹೇಳಿದ. “ಅದಕ್ಕಿಂತ ಮುಂಚಿಂದಕ್ಕೆ ಕೇಳ್ತೀನಿ. ಅವಳಿಗೆ ಕೂರೋದು ಕಲಿಸ್ದೆ. ಯಾವಾಗ ಏಳ್ಬೇಕು ಅಂತ ಕಲಿಸ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ.”

ನಾನು ಅವನ ಹೊದಿಕೆ ಸರಿಪಡಿಸಿ ಎದ್ದು ಹೋದೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಹೊಸ ಫಿಸ್ಕಾಲ್ ಬೇರೆ ದ್ವೀಪಕ್ಕೆ ಹೋದವನು ಗಾಳಿಗೆ ಸಿಕ್ಕಿಬಿದ್ದಿದ್ದ. ಮನೆಯವಳು ಎಂದು ನೊವೇನಾ ನನ್ನ ತಲೆಗೆ ಬಂತು. ಎಂಟು ದಿನ ನೆನಪಿದ್ದಷ್ಟು ಒಪ್ಪಿಸಿದೆ. ಒಂಬತ್ತನೇ ದಿನ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು, ಕೆಳಗೆ ಕಡಲು ಗುರುಗುಟ್ಟುತ್ತಿತ್ತು. ಬತ್ತಿಯ ಬಳಿ ಎರ್ಮೆಲಿಂದಾ ಕೂತಿದ್ದಳು, ಹಣ್ಣುಹಣ್ಣು ಮುದುಕಿ, ಎರಡೂ ಕೈಯಲ್ಲಿ ಬತ್ತಿಯ ಬುಡ ಹಿಡಿದುಕೊಂಡು. ಅಕ್ಕ ಹಾಗೇ ಕೂತಿರಬೇಕು. ನನಗೆ ಪ್ರಾರ್ಥನೆಯ ಮುಂದಿನ ಸಾಲು ಮರೆತುಹೋಯಿತು. ಮರೆತದ್ದೋ, ಬಾಯಿ ಒಪ್ಪಲಿಲ್ಲವೋ. ಹೋಗಿ ಬತ್ತಿಯನ್ನು ಊದಿ ಆರಿಸಿದೆ.

“ಅಯ್ಯೋ, ಏನ್ ಮಾಡ್ದೆ ಫೆಲಿ! ಇನ್ನೂ ಮುಗಿದಿಲ್ಲ! ಅವರ ಆತ್ಮ ಅಲೆಯುತ್ತೆ!”

“ಅಲೆಯಲ್ಲ. ಏಳಮ್ಮ ನೀನು. ಸಾಕು ಕೂತಿದ್ದು,” ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಅವಳನ್ನು ಎದೆಗೆ ಒರಗಿಸಿಕೊಂಡಾಗ ಹನ್ನೊಂದು ವರ್ಷದ ಅಳು ಒಮ್ಮೆಲೇ ಬಂತು. ಎಲ್ಲರೆದುರಿಗೆ, ನಾಚಿಕೆ ಬಿಟ್ಟು, ಎಲ್ಲೂ ಬರೆಯದ ಮಾತು ಆಡಿದೆ:

“ದೇವರೇ, ನಾನು ಒರ್ಫೆಲಿನಾ, ಫೆಲಿ. ನಿನ್ನ ಮೇಲೂ ನನಗೆ ಸಿಟ್ಟಿತ್ತು, ಅವನ ಮೇಲೂ ಇತ್ತು. ಇನ್ನೂ ಒಂಚೂರು ಇದೆ. ಅಕ್ಕ ನಿನ್ನ ಮನೇಲಿದ್ರೆ ಅವಳಿಗೆ ಹೇಳು, ಬತ್ತಿ ಆರಿಸಿದ್ದು ನಾನೇ, ಇನ್ನು ಏಳಬಹುದು ಅಂತ. ಅವಳ ಗಂಡ ಬಂದಿದಾನೆ.”